ಕಾವೇರಿ ದಡದಲ್ಲಿ ಏಳು ದೋಣಿ, ನಾಲ್ಕು ದಿನ

ಜನವರಿ 19, ಮೊದಲ ದಿನ

ಬೆಳಗ್ಗೆ ಏಳಕ್ಕೆಲ್ಲ ಅಮ್ಮ ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಎಳ್ಳು-ಬೆಲ್ಲದ ಡಬ್ಬಿ. "ತೆಪ್ಪ ಕಟ್ಟೋರ ಮನೆಗೆ ಹೋಗ್ತಿದೀವಿ, ಬರಿಗೈಲಿ ಹೋಗೋದಾ?" ಅಂದಳು. ಅವಳಿಗೆ ಈಗ ಅರವತ್ತೆಂಟು. ತವರು ಬನ್ನೂರು ಕಡೆ, ಹೊಳೆ ಪಕ್ಕದ ಊರು. ಊರು ಹೊಳೆಯ ಈಚೆ, ಸ್ಕೂಲು ಆಚೆ. ಮೂರು ವರ್ಷ ದಿನಾ ತೆಪ್ಪದಲ್ಲಿ, ಅಂದರೆ ಬಿದಿರು ಹೆಣೆದ ದುಂಡನೆ ದೋಣಿಯಲ್ಲಿ, ದಾಟಿ ಓದಿದವಳು. ನಾನು ಈ ದೋಣಿಗಳ ಹಿಂದೆ ಬಿದ್ದಿರೋದಕ್ಕೆ ಅವಳು ಹೇಳಿದ ಕಥೆಗಳೇ ಕಾರಣ.

ಮರದ, ಬಿದಿರಿನ ಸಣ್ಣ ದೋಣಿಗಳನ್ನು ಇಷ್ಟಪಡುವ ನಾವೊಂದಷ್ಟು ಜನ ವರ್ಷಕ್ಕೊಮ್ಮೆ ಎಲ್ಲಾದರೂ ಸೇರುತ್ತೇವೆ. ಅದಕ್ಕೊಂದು ಹೆಸರಿಲ್ಲ, ಬ್ಯಾನರ್ ಇಲ್ಲ. ಎರಡೇ ಕಟ್ಟುಪಾಡು. ದೋಣಿಗೆ ಎಂಜಿನ್ ಇರಬಾರದು. ತಂದ ದೋಣಿ ನೀರಿಗೆ ಇಳಿಯಲೇಬೇಕು. ಈ ಸಲ ಶ್ರೀರಂಗಪಟ್ಟಣದ ಹತ್ತಿರ, ಸ್ನೇಹಿತರೊಬ್ಬರ ತೆಂಗಿನ ತೋಟದಲ್ಲಿ ಸೇರೋದು ಅಂತ ಆಗಿತ್ತು. ನಮ್ಮ ಕಡೆ ನಡೆಯುತ್ತಿದ್ದದ್ದು ಇದೇ ಮೊದಲು.

ದಾರಿಯಲ್ಲಿ ಮೈಸೂರಿನ ಬಂಬೂ ಬಜಾರಿನಲ್ಲಿ ನಿಲ್ಲಿಸಿದೆವು. ತೆಪ್ಪ ಕಟ್ಟುವ ತಾತ ಎರಡು ಗಳ ಜಾಸ್ತಿ ತರೋಕೆ ಹೇಳಿದ್ದರು. "ಏಣಿಗಾ ಮೇಡಂ, ಚಪ್ಪರಕ್ಕಾ?" ಅಂತ ಅಂಗಡಿಯವರು ಕೇಳಿದರು. ತೆಪ್ಪಕ್ಕೆ ಅಂದೆ. ಅವರು ಮುಂದಿದ್ದ ಗಳಗಳನ್ನೆಲ್ಲ ಬಿಟ್ಟು ಒಳಗೆ ಹೋಗಿ ಇನ್ನೂ ಹಸಿರು ಆರದ, ಗೆಣ್ಣು ದೂರ ದೂರ ಇರುವ ಎರಡನ್ನು ಆರಿಸಿ ತಂದರು. ಒಣಗಿದ ಬಿದಿರು ಬಗ್ಗುವುದಿಲ್ಲ, ಮುರಿಯುತ್ತದೆ. ಗೆಣ್ಣು ಹತ್ತಿರ ಇದ್ದರೆ ಸೀಳುವಾಗ ದಾರಿ ತಪ್ಪುತ್ತದೆ. "ಅಮಾವಾಸ್ಯೆ ಆಸುಪಾಸಲ್ಲಿ ಕಡಿದದ್ದು, ಹುಳ ಬೀಳಲ್ಲ" ಅಂತಲೂ ಸೇರಿಸಿದರು. ಬಿದಿರನ್ನು ಬಲ್ಲವರೆಲ್ಲ ಈ ಮಾತು ಹೇಳುತ್ತಾರೆ.

ಶ್ರೀರಂಗಪಟ್ಟಣದಲ್ಲಿ ವೆಲ್ಲೆಸ್ಲಿ ಸೇತುವೆ ನೋಡೋಣ ಅಂತ ಅಮ್ಮನೇ ಹಟ ಮಾಡಿದಳು. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಮುಗಿದ ಸೇತುವೆ ಅದು. ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ತೊಲೆ. ಆಗಿನ ಗವರ್ನರ್ ಜನರಲ್ ಹೆಸರು ಇಟ್ಟಿದ್ದಾರೆ. ಅವನ ತಮ್ಮ ಆರ್ಥರ್ ವೆಲ್ಲೆಸ್ಲಿ ಟಿಪ್ಪು ಸತ್ತ ಮೇಲೆ ಇದೇ ಊರಿನ ದರಿಯಾ ದೌಲತ್‌ನಲ್ಲಿ ಉಳಿದುಕೊಂಡಿದ್ದ. 1803ರಲ್ಲಿ ಮರಾಠರ ಮೇಲೆ ದಂಡು ಹೋದಾಗ ಹೊಳೆಗಳನ್ನು ದಾಟಲು ಅವನು ಮಾಡಿಸಿದ್ದು ಬುಟ್ಟಿಯ ಹಾಗಿರುವ, ಚರ್ಮ ಹೊದಿಸಿದ ದುಂಡನೆ ದೋಣಿಗಳನ್ನು. ಅಣ್ಣನ ಹೆಸರಲ್ಲಿ ಸೇತುವೆ, ತಮ್ಮನ ದಂಡಿಗೆ ತೆಪ್ಪ. ಸೇತುವೆ ಮೇಲೆ ನಿಂತು ಕೆಳಗೆ ನೋಡಿದರೆ ನೀರಿಗಿಂತ ಬಂಡೆಯೇ ಜಾಸ್ತಿ ಕಾಣುತ್ತಿತ್ತು.

ಇಲ್ಲಿ ಹೆಸರಿನ ಬಗ್ಗೆ ಒಂದು ಮಾತು. ಪುಸ್ತಕದಲ್ಲಿ ಇದಕ್ಕೆ ಹರಿಗೋಲು ಅಂತಾರೆ. ತುಂಗಭದ್ರೆ ಕಡೆಯವರೂ ಹಾಗೇ ಕರೆಯುತ್ತಾರೆ. ಮಂಡ್ಯ, ಮೈಸೂರಿನ ಹೊಳೆಸಾಲಿನಲ್ಲಿ ಮಾತ್ರ ಅದು ತೆಪ್ಪ. ನಂಜನಗೂಡಿನಲ್ಲಿ ದೇವರನ್ನು ಕೂರಿಸಿ ಕಪಿಲೆಯಲ್ಲಿ ತೇಲಿಸುತ್ತಾರಲ್ಲ, ಆ ಅಲಂಕಾರದ ತೆಪ್ಪವೂ ತೆಪ್ಪವೇ. ಮೀನು ಹಿಡಿಯುವ ಬುಟ್ಟಿಯೂ ತೆಪ್ಪವೇ. ನಾನು ಅಮ್ಮನ ಮಾತಿನಂತೆ ತೆಪ್ಪ ಅಂತಲೇ ಬರೆಯುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಒಂದೊಂದೇ ದೋಣಿ ಬಂತು. ಊರಿನ ಬೆಸ್ತರ ಮೂರು ತೆಪ್ಪ ಆಗಲೇ ತೆಂಗಿನ ಮರಕ್ಕೆ ಒರಗಿ ನಿಂತಿದ್ದವು. ಎರಡು ಹಳೇ ಹಲಗೆ ದೋಣಿಗಳು ಟ್ರ್ಯಾಕ್ಟರಿನಲ್ಲಿ ಬಂದವು. ಮೈಸೂರಿನ ಒಬ್ಬ ಎಂಜಿನಿಯರ್ ಹುಡುಗ ತನ್ನ ಮನೆ ತಾರಸಿಯ ಮೇಲೆ ಕಟ್ಟಿದ ಪ್ಲೈವುಡ್ ದೋಣಿಯನ್ನು ಕಾರಿನ ಮೇಲೆ ಕಟ್ಟಿಕೊಂಡು ಬಂದ. ಕೊನೆಗೆ ಬಂದದ್ದು ಕುಂದಾಪುರದ ಸ್ನೇಹಿತರ ಪಾತಿ ದೋಣಿ.

ಆ ಪಾತಿ ದೋಣಿಯನ್ನು ನಾನು ಎಷ್ಟು ಹೊತ್ತು ನೋಡಿದೆನೋ. ಒಂದೇ ಮಾವಿನ ದಿಮ್ಮಿ ಕೊರೆದು ಮಾಡಿದ್ದು. ಹದಿನಾಲ್ಕು ಅಡಿ ಉದ್ದ, ಒಬ್ಬರು ಕಾಲು ಚಾಚಿ ಕೂರುವಷ್ಟು ಅಗಲ. ಒಳಗೆ ಕೈಯಾಡಿಸಿದರೆ ಬಾಚಿಯ ಏಟಿನ ಗುರುತು ಸಣ್ಣ ಸಣ್ಣ ಬಟ್ಟಲುಗಳ ಹಾಗೆ ಬೆರಳಿಗೆ ಸಿಗುತ್ತದೆ. ಸಾಲು ತಪ್ಪಿಲ್ಲ. ಮೂಗು ಹತ್ತಿರ ತಂದರೆ ಮೀನೆಣ್ಣೆ ವಾಸನೆ. ನಲವತ್ತು ವರ್ಷದಿಂದ ವರ್ಷಾವರ್ಷಾ ಎಣ್ಣೆ ಕುಡಿದ ಮರ ಅದು, ಕಪ್ಪಗೆ ಹೊಳೆಯುತ್ತಿತ್ತು.

ಆದರೆ ಘಾಟಿ ಹತ್ತಿ ಬರುವಾಗ ಟೆಂಪೊದಲ್ಲಿ ಹಗ್ಗ ಸಡಿಲವಾಗಿ ದೋಣಿ ಜಾರಿತ್ತು. ಬಲಗಡೆ ಅಂಚಿನಲ್ಲಿ ಒಂದು ಗೇಣು ಬಿರುಕು. ಹಗ್ಗ ಬಿಗಿಯಾಗಿ ಕಟ್ಟಿ ಅಂತ ಇವರು ಎರಡು ಸಲ ಹೇಳಿದ್ದರಂತೆ, ಟೆಂಪೊದವರು ಕಿವಿಗೆ ಹಾಕಿಕೊಂಡಿರಲಿಲ್ಲ. ಸ್ನೇಹಿತರು ಒಂದು ಮಾತೂ ಆಡದೆ ಬಿರುಕಿನ ಮೇಲೆ ಬೆರಳಿಟ್ಟುಕೊಂಡು ಕೂತರು. ನಮಗೂ ಏನು ಹೇಳಬೇಕೋ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಎದ್ದು, "ಹತ್ತಿ ಉಂಟಾ ಮಾರಾಯ್ರೆ? ರಾಳ ನನ್ನ ಹತ್ರ ಉಂಟು" ಅಂದರು. ಅಮ್ಮ ದೇವರ ಬತ್ತಿಗೆ ಅಂತ ಚೀಲದಲ್ಲಿ ಇಟ್ಟುಕೊಂಡಿದ್ದ ಹತ್ತಿ ಕೊಟ್ಟಳು. ರಾಳವನ್ನು ಎಣ್ಣೆಯಲ್ಲಿ ಕರಗಿಸಿ, ಹತ್ತಿಯನ್ನು ಅದರಲ್ಲಿ ಅದ್ದಿ, ಉಳಿಯ ಹಿಂಬದಿಯಿಂದ ಬಿರುಕಿನೊಳಗೆ ತುರುಕುತ್ತಾ ಹೋದರು. ಕತ್ತಲಾಗುವವರೆಗೂ ಅದೇ ಕೆಲಸ.

ರಾತ್ರಿ ಮುದ್ದೆ, ಹಿತಕಿದ ಅವರೆಕಾಳಿನ ಸಾರು. ಬೆಂಕಿ ಸುತ್ತ ಕೂತು ಮಾತು. ವಿಜಯನಗರಕ್ಕೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ತುಂಗಭದ್ರೆಯ ಹರಿಗೋಲು ನೋಡಿ ಬರೆದಿದ್ದಾನೆ. ಬುಟ್ಟಿ ಹಾಗೆ ದುಂಡಗಿವೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತನ್ನೂ ದಾಟಿಸುತ್ತಾರೆ ಅಂತ. ಬೇರೆ ದೋಣಿಗಳ ಹಾಗೆ ನೇರ ಹೋಗದೆ ಸುತ್ತುತ್ತಲೇ ಇರುತ್ತವೆ ಅಂತಲೂ ಬರೆದಿದ್ದಾನೆ. ಇದನ್ನು ಕೇಳಿ ತೆಪ್ಪದ ತಾತ ತಲೆ ಅಲ್ಲಾಡಿಸಿದರು. "ಉಟ್ಟಾಕೋನು ಸರಿಯಾಗಿದ್ರೆ ಸುತ್ತಾಕಿಲ್ಲ ಕಣವ್ವ" ಅಂದರು.

ಜನವರಿ 20, ಎರಡನೇ ದಿನ

ಬೆಳಗಿನ ಜಾವ ನಾಲ್ಕೈದು ಜನ ರಂಗನತಿಟ್ಟಿಗೆ ಹೋಗಿಬಂದೆವು. ಬಣ್ಣದ ಕೊಕ್ಕರೆ, ಚಮಚ ಕೊಕ್ಕು, ಬಂಡೆ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ, ಎಲ್ಲ ಕಂಡವು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮ ಆದ ಜಾಗ, 2022ರಲ್ಲಿ ಜಗತ್ತಿನ ಮುಖ್ಯ ಜೌಗು ತಾಣಗಳ ರಾಮ್ಸರ್ ಪಟ್ಟಿಗೂ ಸೇರಿತು. ನನಗೆ ಅಲ್ಲಿ ಹಕ್ಕಿಯಷ್ಟೇ ಮುಖ್ಯ ಅನ್ನಿಸಿದ್ದು ಆ ತಿಟ್ಟುಗಳು. 17ನೇ ಶತಮಾನದಲ್ಲಿ ಒಡೆಯರ ಕಾಲದಲ್ಲಿ ಹೊಳೆಗೆ ಅಡ್ಡ ಕಟ್ಟೆ ಕಟ್ಟಿದಾಗ ನೀರು ನಿಂತು ಆದ ದ್ವೀಪಗಳು ಅವು. ಹೀಗೆ ಕಾವೇರಿಗೆ ಅಲ್ಲಲ್ಲಿ ಕಟ್ಟೆಗಳು. ಕಟ್ಟೆ ಇಲ್ಲದ ಕಡೆ ಬಂಡೆ. ಉದ್ದಕ್ಕೆ ದೋಣಿ ಸಾಗುವ ನದಿ ಅಲ್ಲ ಇದು. ನಮ್ಮ ಪಾಲಿಗೆ ಇದು ಯಾವಾಗಲೂ ದಾಟುವ ಹೊಳೆ. ಈ ಮಾತು ಮನಸ್ಸಿಗೆ ಬಂದಿದ್ದು ಅಲ್ಲೇ. ಮುಂದಿನ ಎರಡು ದಿನವೂ ಅದು ನನ್ನ ಜೊತೆಗೇ ಇತ್ತು.

ಒಂಬತ್ತು ಗಂಟೆಗೆ ತಾತ ಕೆಲಸ ಶುರು ಮಾಡಿದರು. ಎಪ್ಪತ್ತು ದಾಟಿದೆ. ತೆಳ್ಳಗೆ, ಕಪ್ಪಗೆ, ಎಡಗೈ ತೋರುಬೆರಳಲ್ಲಿ ಹಳೇ ಗಾಯದ ಗೆರೆ. ಬಿದಿರಿನ ಅಲಗು ಕೊಯ್ದದ್ದಂತೆ. ಸೀಳುಗಳನ್ನು ಮೂರು ದಿನದ ಹಿಂದೆಯೇ ಹೊಳೆಯಲ್ಲಿ ಕಲ್ಲು ಹೇರಿ ನೆನೆಹಾಕಿದ್ದರು. ನೆನೆದ ಬಿದಿರು ಮಾತು ಕೇಳುತ್ತದೆ. ಒಳಗಿನ ಹಿಟ್ಟಿನ ಅಂಶ ನೀರಿಗೆ ಬಿಟ್ಟುಕೊಂಡು ಹುಳದ ಕಾಟವೂ ಕಡಿಮೆ. ನಾವು ತಂದ ಎರಡು ಗಳಗಳನ್ನು ನಮ್ಮೆದುರೇ ಸೀಳಿದರು. ತುದಿಗೆ ಮಚ್ಚಿನಿಂದ ಒಂದು ಸಣ್ಣ ಏಟು. ಆಮೇಲೆ ಮಚ್ಚನ್ನು ಸುಮ್ನೆ ತಿರುಗಿಸುತ್ತಾ ಹೋದರು. ಗೆಣ್ಣು ಬಂದಾಗಲೆಲ್ಲ ಚಟ್ ಅಂತ ಸದ್ದು. ಹದಿನೈದು ಅಡಿ ಗಳ ಕಣ್ಣೆದುರೇ ಎರಡಾಯಿತು, ನಾಲ್ಕಾಯಿತು, ಎಂಟಾಯಿತು. ಎಲ್ಲ ಒಂದೇ ಅಗಲ. ಅಳತೆ ಕೋಲು ಇಲ್ಲ, ಗೆರೆ ಇಲ್ಲ.

ನೆಲ ಗುಡಿಸಿ, ನಡುವೆ ಗೂಟ ಹೊಡೆದು, ಹಗ್ಗ ಕಟ್ಟಿ ಒಂದು ಸುತ್ತು ಗೆರೆ ಎಳೆದರು. ಆರಡಿ ಅಗಲ. ಮೀನು ಹಿಡಿಯೋರಿಗೆ ಇಷ್ಟು ಸಾಕು. ಜನ ದಾಟಿಸುವುದಕ್ಕಾದರೆ ಇನ್ನೂ ದೊಡ್ಡದು ಬೇಕು. ಸೀಳುಗಳನ್ನು ಜೋಡಿ ಜೋಡಿಯಾಗಿ ನೆಲಕ್ಕೆ ಹಾಸಿ ಅಡ್ಡಡ್ಡ ಹೆಣೆಯೋದು. ಹಸಿರು ಸಿಪ್ಪೆಯ ಮೈ ಕೆಳಗೆ, ಅಂದರೆ ನೀರಿನ ಕಡೆ. ಆ ಮೈ ಗಟ್ಟಿ. ಬಿಳಿ ಮೈ ನೀರು ಕುಡಿದುಬಿಡುತ್ತದೆ. ನಾನು ಎರಡು ಸೀಳು ತಿರುಗಾಮುರುಗ ಹಾಕಿದ್ದೆ. ತಾತ ಏನೂ ಹೇಳದೆ ಅವನ್ನು ಬಿಚ್ಚಿ, ನನ್ನ ಕೈಗೇ ಕೊಟ್ಟು, ಮತ್ತೆ ಹಾಕಿಸಿದರು.

ತಳ ಹೆಣೆದ ಮೇಲೆ ನಡುವೆ ನಾಲ್ಕು ದಪ್ಪ ಕಲ್ಲು ಹೇರಿದರು. ಈಗ ಬಗ್ಗಿಸುವ ಕೆಲಸ. ಇಡೀ ದಿನದಲ್ಲಿ ಇದೇ ಕಷ್ಟದ್ದು. ಸುತ್ತಲೂ ಸೂರ್ಯನ ಕಿರಣದ ಹಾಗೆ ಚಾಚಿರುವ ಸೀಳುಗಳನ್ನು ಮೇಲೆತ್ತಬೇಕು. ಒಂದು ಕಡೆ ಎತ್ತಿದರೆ ಎದುರು ಕಡೆಯೂ ಅಷ್ಟೇ ಎತ್ತಬೇಕು. ಇಲ್ಲದಿದ್ದರೆ ಬುಟ್ಟಿ ಸೊಟ್ಟಗಾಗುತ್ತದೆ. ಎಂಟು ಜನ ಸುತ್ತ ನಿಂತೆವು. "ಒಟ್ಟಿಗೆ ಎತ್ರಪ್ಪಾ... ನಿಧಾನ... ಇನ್ನೊಸಿ" ಅಂತ ತಾತ ಹೇಳುತ್ತಾ ಸುತ್ತ ನಡೆದರು. ಒಂದು ಸೀಳು ನನ್ನ ಕೈಯಲ್ಲಿ ಕಿರ್ ಅಂದಾಗ ಕೂಡಲೇ ಬಂದು ಅದರ ಮೇಲೆ ಒದ್ದೆ ಬಟ್ಟೆ ಸುತ್ತಿ, ಅಂಗೈಯಿಂದ ಉಜ್ಜಿ, ಮೆತ್ತಗೆ ಬಗ್ಗಿಸಿದರು. ಮಗುವಿನ ಕೈ ಹಿಡಿದು ನಡೆಸುವ ಹಾಗೆ.

ಆಮೇಲೆ ಕಂಠ. ಬಿಂದಿಗೆಗೆ ಕಂಠ ಇರುವ ಹಾಗೆ ತೆಪ್ಪಕ್ಕೂ. ಹತ್ತಾರು ತೆಳು ಸೀಳುಗಳನ್ನು ಒಟ್ಟು ಮಾಡಿ, ಅಂಚಿನ ಸುತ್ತ ಬಳೆಯ ಹಾಗೆ ತಂದು ಬಿಗಿಯೋದು. ಇಡೀ ತೆಪ್ಪದ ಜೀವ ಅಲ್ಲಿದೆ. ಕಂಠ ಸಡಿಲವಾದರೆ ನಾಲ್ಕೇ ದಿನಕ್ಕೆ ಬುಟ್ಟಿ ಬಿಚ್ಚಿಕೊಳ್ಳುತ್ತದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಕುಂದಾಪುರದ ಸ್ನೇಹಿತರು ಒಂದು ಮಾತು ಹೇಳಿದರು. ಕರಾವಳಿಯ ಹಳೇ ದೋಣಿಗಳಲ್ಲಿ ಹಲಗೆಗೆ ಮೊಳೆ ಹೊಡೆಯುತ್ತಿರಲಿಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಅಲೆ ಹೊಡೆದಾಗ ಹೊಲಿದ ದೋಣಿ ಸ್ವಲ್ಪ ಬಳುಕುತ್ತದೆ, ಒಡೆಯುವುದಿಲ್ಲ. ಇದನ್ನು ಕೇಳಿ ಎಂಜಿನಿಯರ್ ಹುಡುಗ ಊಟ ಬಿಟ್ಟು ಎದ್ದು ಹೋಗಿ ತನ್ನ ದೋಣಿಯ ಒಳಮೈ ತೋರಿಸಿದ. ಪ್ಲೈವುಡ್ ಹಲಗೆಗಳ ಅಂಚಿನಲ್ಲಿ ಸಾಲಾಗಿ ಸಣ್ಣ ತೂತುಗಳು. ತಾಮ್ರದ ತಂತಿಯಿಂದ ಹೊಲಿದು, ಆಮೇಲೆ ಇಪಾಕ್ಸಿ ಅಂಟು ಹಾಕಿ ಕೂಡಿಸಿದ್ದು. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ, ಮನೆಯಲ್ಲೇ ದೋಣಿ ಕಟ್ಟಿಕೊಳ್ಳುವವರಿಗಾಗಿ ಈ ವಿಧಾನ ಹೆಸರಾಯಿತಂತೆ. ಹೊಸದು ಅಂತ ಅವನು ಕಲಿತದ್ದು ಹೊಲಿಗೆಯನ್ನೇ. ತಾತ, ಕುಂದಾಪುರದ ಸ್ನೇಹಿತರು, ಹುಡುಗ, ಮೂರೂ ಜನ ಬಾಗಿ ಕೂತು ಆ ತೂತುಗಳ ಮೇಲೆ ಬೆರಳಾಡಿಸಿದರು. ಮುದ್ದೆ ತಣ್ಣಗಾಯಿತು.

ಸಂಜೆ ಅಜ್ಜಿಯ ಸರದಿ. ತಾತನ ಹೆಂಡತಿ. ಗೊಬ್ಬರದ ಖಾಲಿ ಚೀಲಗಳನ್ನು ಬಿಚ್ಚಿ, ದಬ್ಬಳಕ್ಕೆ ಹುರಿ ಪೋಣಿಸಿ ಒಂದೇ ದೊಡ್ಡ ಹಾಸು ಹೊಲಿಯುತ್ತಿದ್ದರು. ಅದೇ ತೆಪ್ಪದ ಹೊರಮೈ. ಅಮ್ಮ ಪಕ್ಕ ಹೋಗಿ ಕೂತು ಇನ್ನೊಂದು ದಬ್ಬಳ ತಗೊಂಡಳು.

"ನಿಮ್ ಕಾಲ್ದಲ್ಲಿ ಚರ್ಮವಾ?" ಅಂತ ಅಜ್ಜಿ ಕೇಳಿದರು.

"ಹೂ ಕಣಕ್ಕ, ಎಮ್ಮೆ ಚರ್ಮ. ಮಳೆಗಾಲದಲ್ಲಿ ವಾಸನೆ ತಡೆಯೋಕಾಗ್ತಿರಲಿಲ್ಲ" ಅಂದಳು ಅಮ್ಮ.

"ದಿನಾ ಒಣಗಿಸ್ಬೇಕಿತ್ತು, ಇಲ್ದಿದ್ರೆ ಕೊಳ್ತೋಗದು. ನಮ್ಮತ್ತೆ ದಿನಾ ಸಂಜೆ ತೆಪ್ಪ ಮಗುಚಾಕೋರು, ಆಮೇಲೆನೇ ಒಲೆ ಹಚ್ಚೋರು."

ಚರ್ಮ ಹೋಗಿ ಪ್ಲಾಸ್ಟಿಕ್ಕು ಬಂದದ್ದಕ್ಕೆ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಕಟ್ಟೋದೇ ತೆಪ್ಪದ ಜಾಯಮಾನ. ಅಂದು ಎಮ್ಮೆ ಇತ್ತು, ಇಂದು ಗೊಬ್ಬರದ ಚೀಲ ಇದೆ. ಹೆಣಿಗೆ ಮಾತ್ರ ಅದೇ. ನನ್ನ ಚಿಂತೆ ಹೆಣಿಗೆಯದ್ದು. ಈ ಊರಿನಲ್ಲಿ ಈಗ ತೆಪ್ಪ ಕಟ್ಟುವವರು ತಾತ ಒಬ್ಬರೇ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮೊಮ್ಮಗ ಹತ್ತನೇ ಕ್ಲಾಸು. ಅವನು ಸಂಜೆ ಸ್ಕೂಲಿಂದ ಬಂದವನೇ ಬ್ಯಾಗ್ ಬಿಸಾಕಿ ಕಂಠ ಬಿಗಿಯೋಕೆ ಕೈ ಹಾಕಿದ. ಯಾರೂ ಕರೆದಿರಲಿಲ್ಲ.

ಜನವರಿ 21, ಮೂರನೇ ದಿನ

ಇವತ್ತು ಅಂಬಿಗರ ಚೌಡಯ್ಯನವರ ಜಯಂತಿ. 12ನೇ ಶತಮಾನದ ವಚನಕಾರರು, ದೋಣಿ ನಡೆಸುತ್ತಿದ್ದವರು. ಮುಖಕ್ಕೆ ಹೊಡೆದ ಹಾಗೆ ನೇರ ಮಾತಾಡಿದವರು. ಕಾಯಕದ ಹೆಸರನ್ನೇ ಸೇರಿಸಿಕೊಂಡ 'ಅಂಬಿಗರ ಚೌಡಯ್ಯ' ಅನ್ನೋದೇ ಅವರ ಅಂಕಿತ. ತಾತನ ಮನೆ ಜಗಲಿಯಲ್ಲಿ ಅವರ ಪಟಕ್ಕೆ ಚೆಂಡುಹೂವಿನ ಹಾರ. ಊರಿನ ಹುಡುಗರು ಎಂಟು ಗಂಟೆಗೆ ಪೂಜೆ ಮುಗಿಸಿ ಎಲ್ಲರಿಗೂ ಪುಳಿಯೋಗರೆ ಹಂಚಿದರು. ಎರಡು ದಿನದಿಂದ ತೋಟದಲ್ಲಿ ಬರೀ ಬೆರಳು, ಮಚ್ಚು, ದಬ್ಬಳ ನೋಡಿದ್ದ ನನಗೆ ಆ ಪಟದ ಎದುರು ಕೈ ಮುಗಿಯುವಾಗ ಕಣ್ಣು ತುಂಬಿತು.

ಆಮೇಲೆ ಡಾಂಬರು. ಹಳೇ ಎಣ್ಣೆ ಡಬ್ಬದಲ್ಲಿ ಕಾಯಿಸಿ, ಕೋಲಿನ ತುದಿಗೆ ಬಟ್ಟೆ ಸುತ್ತಿ ಬಳಿಯೋದು. ಬಿಸಿ ಜಾಸ್ತಿಯಾದರೆ ಚೀಲ ಸುಟ್ಟುಹೋಗುತ್ತದೆ, ಕಡಿಮೆಯಾದರೆ ಹರಡುವುದಿಲ್ಲ. ತಾತ ಹೊಗೆಯ ಬಣ್ಣ ನೋಡಿ ಹೇಳುತ್ತಿದ್ದರು. ಮಗುಚಿದ ತೆಪ್ಪದ ಮೇಲೆ ಒಂದು ಸುತ್ತು, ಆರಿದ ಮೇಲೆ ಇನ್ನೊಂದು ಸುತ್ತು. ಮಧ್ಯಾಹ್ನಕ್ಕೆ ಬೆರಳಿಟ್ಟರೆ ಅಂಟದಷ್ಟು ಗಟ್ಟಿಯಾಯಿತು.

ನೀರಿಗೆ ಇಳಿಸುವ ಮುಂಚೆ ಅಜ್ಜಿ ಅರಿಶಿನ ಕುಂಕುಮ ಇಟ್ಟು, ಕರ್ಪೂರ ಹಚ್ಚಿ, ಗಂಗಮ್ಮನಿಗೆ ಕೈ ಮುಗಿದರು. ತಾತ ತೆಪ್ಪವನ್ನು ತಲೆ ಮೇಲೆ ಮಗುಚಿಕೊಂಡು ನಡೆದರು. ಹಿಂದಿನಿಂದ ನೋಡಿದರೆ ಒಂದು ದೊಡ್ಡ ಆಮೆ ಎರಡು ಕಾಲಿನ ಮೇಲೆ ಹೊಳೆಗೆ ಇಳಿಯುವ ಹಾಗೆ. ಇಳಿಯುವ ಜಾಗವನ್ನು ಅವರೇ ಆರಿಸಿದ್ದರು. ಮೊಸಳೆ ಬಿಸಿಲು ಕಾಯುವ ಬಂಡೆಗಳು ಎಲ್ಲಿವೆ ಅಂತ ಅವರಿಗೆ ಗೊತ್ತು. ಎಲ್ಲರೂ ಲೈಫ್ ಜಾಕೆಟ್ ಹಾಕಿದ್ದೆವು. ತಾತನಿಗೂ ಹಾಕಿಸಿದೆವು. ಹೊಳೆಯನ್ನು ಎಷ್ಟೇ ಬಲ್ಲವರಾದರೂ ಜಾಕೆಟ್ ಬೇಕು. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಏಳು ಹಳೇ ದೋಣಿ, ಒಂದು ಹೊಸ ತೆಪ್ಪ. ಎಂಟೂ ನೀರಿನಲ್ಲಿ.

ಆಳ ಇದ್ದ ಮಡುವಿನಲ್ಲಿ ಪಾತಿ ದೋಣಿಯದ್ದೇ ಓಟ. ರಾಳ ಹಾಕಿದ ಬಿರುಕಿನಿಂದ ಒಂದು ಹನಿಯೂ ಒಳಗೆ ಬರಲಿಲ್ಲ. ಹುಟ್ಟು ಎರಡು ಸಲ ಹಾಕಿದರೆ ಸಾಕು, ಹಾವಿನ ಹಾಗೆ ಹರಿಯುತ್ತಿತ್ತು. ಪ್ಲೈವುಡ್ ದೋಣಿ ಹಗುರ, ಗಾಳಿಗೆ ಸ್ವಲ್ಪ ಅಡ್ಡ ಸರಿಯುತ್ತಿತ್ತು. ಹುಡುಗ ನಗುತ್ತಾ ಮತ್ತೆ ಮತ್ತೆ ತಿರುಗಿಸುತ್ತಿದ್ದ. ಹಲಗೆ ದೋಣಿಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ದಡದ ಹತ್ತಿರವೇ ಸುತ್ತಾಡಿಸಿದರು.

ಮಡು ಮುಗಿದು ಬಂಡೆ ಶುರುವಾಯಿತು ನೋಡಿ, ಆಗ ಎಲ್ಲ ಬದಲಾಯಿತು. ಪಾತಿ ದೋಣಿಯ ಮೂಗು ಒಂದು ಮುಳುಗುಬಂಡೆಗೆ ತಗುಲಿ ಡಬ್ ಅಂದಿತು. ಸ್ನೇಹಿತರು ಕೂಡಲೇ ಹಿಂದಕ್ಕೆ ಎಳೆದುಕೊಂಡರು. "ನಮ್ಮಲ್ಲಿ ಹೊಳೆ ಅಂದ್ರೆ ಕೆಸರು, ಮರಳು ಮಾರಾಯ್ರೆ. ಈ ಕಲ್ಲು ಇಲ್ಲ" ಅಂದರು. ಪ್ಲೈವುಡ್ ದೋಣಿ ಅಲ್ಲಿಗೆ ಹೋಗಲೇ ಇಲ್ಲ. ತಾತನ ತೆಪ್ಪ ಮಾತ್ರ ಆ ಬಂಡೆಗಳ ನಡುವೆ ಹಾಗೇ ಹೋಯಿತು. ಅಡಿಗೆ ಕಲ್ಲು ತಾಗಿದರೆ ತಳ ಸ್ವಲ್ಪ ಒಳಗೆ ತಗ್ಗುತ್ತದೆ, ಜಾರುತ್ತದೆ, ಮತ್ತೆ ಸರಿಹೋಗುತ್ತದೆ. ನಾಲ್ಕು ಬೆರಳು ನೀರಿದ್ದರೂ ಸಾಕು. ಮುಂದೆ ಯಾವುದು, ಹಿಂದೆ ಯಾವುದು ಅನ್ನೋದೇ ಇಲ್ಲ. ಬಂಡೆ ಅಡ್ಡ ಬಂದರೆ ಕೂತವನು ತಿರುಗಿ ಕೂತರಾಯಿತು. ತೆಪ್ಪ ದುಂಡಗಿರುವುದು ಯಾಕೆ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೆ. ಉತ್ತರ ನೀರಿನ ಅಡಿಯಲ್ಲಿತ್ತು.

ಪ್ರವಾಸಿ ತಾಣಗಳಲ್ಲಿ ಜನರನ್ನು ಕೂರಿಸಿ ತೆಪ್ಪವನ್ನು ಗಿರಗಿರ ತಿರುಗಿಸೋದು ಈಗ ರೂಢಿ. ಕೂತವರು ಕಿರುಚುತ್ತಾರೆ, ವಿಡಿಯೊ ಮಾಡುತ್ತಾರೆ. ಹೊಟ್ಟೆಪಾಡು, ಅಂಬಿಗರನ್ನು ತಪ್ಪು ಅನ್ನಲಾರೆ. ಆದರೆ ನೋಡಿದಾಗಲೆಲ್ಲ ನನಗೆ ನೋವಾಗುತ್ತದೆ. ತಿರುಗದ ಹಾಗೆ ನಡೆಸೋದೇ ಇದರ ವಿದ್ಯೆ.

ಆ ವಿದ್ಯೆಯನ್ನು ತಾತ ಸಂಜೆ ನನಗೆ ಹೇಳಿಕೊಟ್ಟರು. ಬೇರೆ ದೋಣಿಯಲ್ಲಿ ನೀರನ್ನು ಹಿಂದಕ್ಕೆ ತಳ್ಳುತ್ತೇವೆ. ತೆಪ್ಪದಲ್ಲಿ ಹೋಗುವ ದಿಕ್ಕಿಗೆ ಮುಖ ಮಾಡಿ ಕೂತು, ಹುಟ್ಟನ್ನು ಮುಂದೆ ಹಾಕಿ, ನೀರನ್ನು ನಮ್ಮ ಕಡೆಗೆ ಎಳೆದುಕೊಳ್ಳಬೇಕು. "ತಳ್ಳಬ್ಯಾಡ ಕಣವ್ವ. ನೀರ ತಬ್ಕೊಳಂಗೆ ಎಳ್ಕೋ. ಒಂದ್ಸಲ ಬಲಕ್ಕೆ, ಒಂದ್ಸಲ ಎಡಕ್ಕೆ." ಮೊದಲ ಅರ್ಧ ಗಂಟೆ ತೆಪ್ಪ ಸುತ್ತುತ್ತಲೇ ಇತ್ತು. ಆಮೇಲೆ ಯಾವಾಗಲೋ ಭುಜ ಸಡಿಲವಾಯಿತು. ಎಂಟು ಹುಟ್ಟು ನೇರ ಹೋದೆ. ಎಣಿಸಿದ್ದು ತಾತ. ದಡದಲ್ಲಿ ನಿಂತು ಜೋರಾಗಿ ಎಣಿಸಿದರು.

ರಾತ್ರಿ ಅವರಿಂದಲೇ ಬಿಳಿಮೀನಿನ, ಅಂದರೆ ಡುಬ್ಬದ ಮಹಶೀರ್ ಮೀನಿನ, ಕಥೆ ಕೇಳಿದೆವು. ಮುತ್ತತ್ತಿ, ಭೀಮೇಶ್ವರಿ ಕಡೆ ತೆಪ್ಪದಲ್ಲಿ ಕೂತು ಗಾಳ ಹಾಕಿದರೆ ಮೀನೇ ತೆಪ್ಪವನ್ನು ಎಳೆದುಕೊಂಡು ಹೋಗುತ್ತಿತ್ತಂತೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡು ತೂಗಿತ್ತು. ಈ ಡುಬ್ಬದ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. 2018ರಿಂದ ತೀರಾ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ತಾತ ಅದನ್ನು ಕಂಡು ಎಷ್ಟೋ ವರ್ಷವಾಯಿತು ಅಂದರು. ಅಷ್ಟು ಹೇಳಿ ಬೀಡಿ ಆರಿಸಿ ಮಲಗಿದರು.

ಜನವರಿ 22, ನಾಲ್ಕನೇ ದಿನ

ಬೆಳಗ್ಗೆ ಎಲ್ಲರೂ ಹೊರಟರು. ಪಾತಿ ದೋಣಿಯನ್ನು ಈ ಸಲ ನಾವೇ ಆರು ಜನ ಸೇರಿ ಹಗ್ಗ ಬಿಗಿದು ಕಟ್ಟಿದೆವು. ಎಂಜಿನಿಯರ್ ಹುಡುಗ ಬೇಸಿಗೆ ರಜೆಯಲ್ಲಿ ತಾತನ ಹತ್ತಿರ ಒಂದು ವಾರ ಇದ್ದು ಹೆಣಿಗೆ ಕಲಿಯುತ್ತೇನೆ ಅಂತ ಹೇಳಿ ಹೋದ. ನಾನೂ ಬರುತ್ತೇನೆ. ಮೊಮ್ಮಗನ ಪರೀಕ್ಷೆಯೂ ಅಷ್ಟು ಹೊತ್ತಿಗೆ ಮುಗಿದಿರುತ್ತದೆ.

ಅಮ್ಮನಿಗೆ ಹೊಳೆ ದಾಟಬೇಕಿತ್ತು. ಮೂರು ದಿನ ದಡದಲ್ಲೇ ಕೂತಿದ್ದಳು. ಅವಳ ಹಳೇ ಜಾಗದಲ್ಲಿ ಈಗ ದಾಟಿಸುವವರಿಲ್ಲ, ಸೇತುವೆ ಮೇಲೆ ಬಸ್ಸು ಹೋಗುತ್ತದೆ. ಹಾಗಾಗಿ ಬನ್ನೂರು ದಾರಿಯಾಗಿ ತಿ. ನರಸೀಪುರಕ್ಕೆ ಹೋಗಿ, ಕಾವೇರಿ ಕಬಿನಿ ಕೂಡುವ ಸಂಗಮದಲ್ಲಿ ಐದು ನಿಮಿಷ ನಿಂತು, ತಲಕಾಡಿಗೆ ಹೋದೆವು. ಮರಳಿನ ಮೇಲೆ ಕಾಲು ಹೂತು ಹೂತು ನಡೆದು ಹೊಳೆಗೆ ಬಂದೆವು.

"ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ" ಅಂತ ಅಲಮೇಲಮ್ಮ ಕೊಟ್ಟ ಶಾಪವನ್ನು ನಮ್ಮ ಕಡೆ ಚಿಕ್ಕ ಮಕ್ಕಳೂ ಹೇಳುತ್ತಾರೆ. ಅಮ್ಮ ಮರಳಿನಲ್ಲಿ ನಿಂತು ಎದುರು ದಡದ ಕಡೆ ನೋಡುತ್ತಾ ಅದನ್ನೇ ಮೆಲ್ಲಗೆ ಹೇಳಿಕೊಂಡಳು. ತೆಪ್ಪದ ಹುಡುಗನಿಗೆ ಇಪ್ಪತ್ತೆರಡು ಇರಬಹುದು. "ರೌಂಡ್ ಹಾಕಿಸ್ಲಾ ಅಮ್ಮ?" ಅಂದ.

"ರೌಂಡ್ ಬ್ಯಾಡ ಕಣಪ್ಪ. ಆಚೆ ದಡಕ್ಕೆ ಬುಡು" ಅಂದಳು. ಮೈಸೂರಿಗೆ ಬಂದು ನಲವತ್ತೈದು ವರ್ಷ ಆದಮೇಲೆ ಅವಳ ಬಾಯಲ್ಲಿ 'ಬುಡು' ಕೇಳಿದ್ದು ನಾನು ಇದೇ ಮೊದಲು.

ಅಮ್ಮ ತಳದ ನಡುವೆ ಚಕ್ಕಂಬಕ್ಕಳ ಹಾಕಿ ಕೂತಳು. ಅಂಚು ಹಿಡಿಯಲಿಲ್ಲ. ಒಂದು ಕೈ ನೀರಿಗೆ ಬಿಟ್ಟಿದ್ದಳು. ಅವಳ ಕಾಲದಲ್ಲಿ ದಾಟಿಸಿದ್ದಕ್ಕೆ ದಿನಾ ದುಡ್ಡು ಕೊಡುತ್ತಿರಲಿಲ್ಲ, ಸುಗ್ಗಿಯಲ್ಲಿ ಮನೆಗಿಷ್ಟು ಭತ್ತ ಅಂತ ಅಳೆದು ಕೊಡುತ್ತಿದ್ದರಂತೆ. ಹೊಳೆ ತುಂಬಿದ ದಿನ ಅಂಬಿಗ ಮಕ್ಕಳನ್ನೆಲ್ಲ ಎಣಿಸಿ ಹತ್ತಿಸಿಕೊಂಡು, ಆಚೆ ಇಳಿಸಿ ಮತ್ತೆ ಎಣಿಸುತ್ತಿದ್ದನಂತೆ. ಹುಡುಗ ಇದನ್ನೆಲ್ಲ ಕೇಳುತ್ತಾ ಹುಟ್ಟು ಹಾಕುತ್ತಿದ್ದ. ತೆಪ್ಪ ಒಂದು ಸಲವೂ ಸುತ್ತಲಿಲ್ಲ.

ದಡ ಇನ್ನೂ ನಾಲ್ಕು ಮಾರು ದೂರ ಇರುವಾಗಲೇ ಅಮ್ಮ ಚಪ್ಪಲಿ ಬಿಚ್ಚಿ ಕೈಗೆ ತಗೊಂಡಳು. ಸೀರೆ ನೆರಿಗೆ ಸ್ವಲ್ಪ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದಳು. ನಾನು ಕೈ ಹಿಡಿಯೋಣ ಅಂತ ಎದ್ದೆ. ಅಷ್ಟರಲ್ಲಿ ತಳಕ್ಕೆ ಮರಳು ಸರಕ್ ಅಂತ ತಾಗಿತು. ತೆಪ್ಪ ನಿಂತು ವಾಪಸ್ ಜಾರುವ ಆ ಒಂದು ಕ್ಷಣದಲ್ಲಿ, ಯಾರ ಕೈಯನ್ನೂ ಹಿಡಿಯದೆ, ಒಂದೇ ಹೆಜ್ಜೆಗೆ ಅಮ್ಮ ಮೊಣಕಾಲುದ್ದ ನೀರಿಗೆ ಇಳಿದು ನಡೆದೇಬಿಟ್ಟಳು.